ಹಾಲವಾಣದ ಊರಿನ ಹಡಗು: ಚುವಾನ್‌ಜೌ ಕಡಲ ಮ್ಯೂಸಿಯಂ ನೋಡುವ ಮೊದಲು

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಒಂದು ಹಡಗು ಭಾರತದ ನೌಕಾಪಡೆಗೆ ಸೇರಿತು. ಹೆಸರು ಕೌಂಡಿನ್ಯ. ಅಜಂತಾ ಗುಹೆಯ 5ನೇ ಶತಮಾನದ ಒಂದು ಚಿತ್ರವನ್ನು ನೋಡಿ ಕಟ್ಟಿದ ಹಾಯಿಹಡಗು ಅದು. ಅದರ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಜೋಡಿಸಿದ್ದಾರೆ. ಹಾಯಿಯ ಮೇಲೆ ನಮ್ಮ ಗಂಡಭೇರುಂಡ. ಅದೇ ವರ್ಷದ ಡಿಸೆಂಬರ್ ಕೊನೆಗೆ ಪೋರಬಂದರಿನಿಂದ ಹೊರಟು ಮಸ್ಕತ್‌ ಮುಟ್ಟಿತು.

ಆ ಸುದ್ದಿ ಬಂದಾಗ ಸುಮಾರು ಜನ ಕೇಳಿದ ಪ್ರಶ್ನೆ ಒಂದೇ. ಹೊಲಿದ ಹಡಗು ಸಮುದ್ರ ದಾಟುತ್ತಾ? ಅದರ ಹಿಂದೆಯೇ ಇನ್ನೂ ಎರಡು ಪ್ರಶ್ನೆ ಬರುತ್ತವೆ. ಹಾಗಾದರೆ ಬೇರೆ ದೇಶದವರು ಹಡಗು ಹೇಗೆ ಕಟ್ಟುತ್ತಿದ್ದರು? ನಮ್ಮ ಕರಾವಳಿಯ ಕಾಳುಮೆಣಸು ಚೀನಾದವರೆಗೆ ಹೋಗುತ್ತಿತ್ತು ಅಂತಾರಲ್ಲ, ಅದು ಹೋಗಿದ್ದು ಹೇಗೆ?

ಇದಕ್ಕೆಲ್ಲ ಕಣ್ಣಿಗೆ ಕಾಣುವ ಉತ್ತರ ಸಿಗುವ ಒಂದು ಜಾಗ ಚೀನಾದ ಫುಜಿಯಾನ್ ಪ್ರಾಂತ್ಯದಲ್ಲಿದೆ. ಚುವಾನ್‌ಜೌ ಎಂಬ ಹಳೆಯ ಬಂದರು ಊರು, ಅಲ್ಲಿನ ಕಡಲ ಮ್ಯೂಸಿಯಂ. ಸಿದ್ಧತೆ ಇಲ್ಲದೆ ಸುಮ್ನೆ ಹೋಗಿ ನಿಂತರೆ ಅಲ್ಲಿ ಕಾಣುವುದು ಕಪ್ಪುಗಟ್ಟಿದ ಮರದ ಒಂದು ದೊಡ್ಡ ರಾಶಿ, ಆಮೇಲೆ ಸಾಲು ಸಾಲು ಕಲ್ಲು. ಸ್ವಲ್ಪ ಹಿನ್ನೆಲೆ ಗೊತ್ತಿದ್ದರೆ ಆ ಮರ ಮತ್ತು ಆ ಕಲ್ಲು ನಮ್ಮ ಮನೆಯ ಕಥೆಯನ್ನೂ ಹೇಳುತ್ತವೆ. ಆ ಹಿನ್ನೆಲೆಗಾಗಿ ಈ ಬರಹ.

ಜೈತೂನ್ ಎಂದರೆ ಯಾವುದು?

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಮ್ಮ ವ್ಯಾಪಾರಿಗಳು ಸಾಮಾನು ತರಲು ಹೋಗುವ ಊರು ಗುವಾಂಗ್‌ಜೌ. ಇದು ಚುವಾನ್‌ಜೌ, ಅದಕ್ಕಿಂತ ಈಶಾನ್ಯಕ್ಕೆ, ತೈವಾನ್‌ನ ಎದುರಿಗಿರುವ ಕರಾವಳಿಯಲ್ಲಿದೆ. ಎರಡೂ ಹಳೆಯ ಬಂದರುಗಳೇ. ಆದರೆ 13 ಮತ್ತು 14ನೇ ಶತಮಾನದಲ್ಲಿ ಚುವಾನ್‌ಜೌ ಜಗತ್ತಿನ ಅತಿ ದೊಡ್ಡ ಬಂದರುಗಳಲ್ಲಿ ಒಂದಾಗಿತ್ತು. ಅರಬರು, ಪರ್ಷಿಯನ್ನರು, ಯುರೋಪಿನವರು ಅದನ್ನು ಕರೆಯುತ್ತಿದ್ದುದು ಜೈತೂನ್ ಎಂದು. ಮಾರ್ಕೊ ಪೋಲೊ 1292ರ ಹೊತ್ತಿಗೆ ಊರಿಗೆ ಮರಳಲು ಹಡಗು ಹತ್ತಿದ್ದು ಇಲ್ಲಿಂದ. ಇಬ್ನ್ ಬತೂತಾ 1340ರ ದಶಕದಲ್ಲಿ ಬಂದಿಳಿದದ್ದು ಇಲ್ಲಿಗೆ.

ಜೈತೂನ್ ಎಂದರೆ ಅರಬ್ಬಿಯಲ್ಲಿ ಆಲಿವ್. ಆದರೆ ಊರಲ್ಲಿ ಆಲಿವ್ ಮರ ಇಲ್ಲ ಎಂದು ಇಬ್ನ್ ಬತೂತಾ ಆಗಲೇ ಬರೆದಿಟ್ಟಿದ್ದಾನೆ. ಹಾಗಾದರೆ ಹೆಸರು ಎಲ್ಲಿಂದ ಬಂತು? ಊರಿನ ಸುತ್ತ ಕೆಂಪು ಹೂವಿನ, ಮುಳ್ಳಿನ ಒಂದು ಮರವನ್ನು ಬೆಳೆಸಿದ್ದರು. ಚೀನೀಯರು ಅದನ್ನು ಚಿತೊಂಗ್ ಎನ್ನುತ್ತಾರೆ. ಪರದೇಶದ ನಾವಿಕರ ಕಿವಿಯಲ್ಲಿ ಆ ಚಿತೊಂಗ್ ಜೈತೂನ್ ಆಯಿತು.

ಆ ಮರ ಯಾವುದು ಗೊತ್ತಾ? ನಮ್ಮ ಹಾಲವಾಣ. ಮಲೆನಾಡಿನ ತೋಟಗಳಲ್ಲಿ ಹಾಲವಾಣದ ಕೊಂಬೆ ಕಡಿದು ನೆಟ್ಟು, ಅದು ಚಿಗುರಿದ ಮೇಲೆ ಮೆಣಸಿನ ಬಳ್ಳಿ ಹಬ್ಬಿಸುತ್ತಾರಲ್ಲ, ಅದೇ. ಇಲ್ಲಿ ಮೆಣಸಿಗೆ ಆಸರೆಯಾದ ಮರ, ಅಲ್ಲಿ ಮೆಣಸು ಇಳಿಯುತ್ತಿದ್ದ ಊರಿಗೆ ಹೆಸರಾಗಿದೆ. ಇದು ಬರೀ ಕಾಕತಾಳೀಯ. ಆದರೂ ತೋಟದಲ್ಲಿ ಬೆಳೆದ ಯಾರಿಗೇ ಆಗಲಿ ಇದನ್ನು ಕೇಳಿದರೆ ಮೈ ಜುಂ ಅನ್ನದೆ ಇರದು.

ಗಾಳಿಯೇ ವೇಳಾಪಟ್ಟಿ

ಎಂಜಿನ್ ಇಲ್ಲದ ಕಾಲದಲ್ಲಿ ಹಡಗು ಹೊರಡುವ ದಿನ ನಿರ್ಧಾರ ಮಾಡುತ್ತಿದ್ದುದು ಮಾಲೀಕನಲ್ಲ, ಗಾಳಿ. ಇದು ಅರ್ಥವಾದರೆ ಮ್ಯೂಸಿಯಂನ ಅರ್ಧ ಅರ್ಥವಾದ ಹಾಗೆ.

ಏಪ್ರಿಲ್ ತಿಂಗಳ ಮಧ್ಯಾಹ್ನ ಸಮುದ್ರ ತೀರದಲ್ಲಿ ಬರಿಗಾಲಲ್ಲಿ ನಡೆದಿದ್ದೀರಾ? ಮರಳು ಕಾಲು ಸುಡುತ್ತದೆ, ಪಕ್ಕದಲ್ಲೇ ನೀರು ತಂಪಾಗಿರುತ್ತದೆ. ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ನೀರು ಎರಡನ್ನೂ ನಿಧಾನವಾಗಿ ಮಾಡುತ್ತದೆ. ಬೇಸಿಗೆಯಲ್ಲಿ ಏಷ್ಯಾದ ಇಡೀ ನೆಲ ಕಾದಾಗ ಅದರ ಮೇಲಿನ ಬಿಸಿ ಗಾಳಿ ಮೇಲೇರುತ್ತದೆ. ಆ ಜಾಗ ತುಂಬಲು ಸಮುದ್ರದ ಕಡೆಯಿಂದ ಗಾಳಿ ನುಗ್ಗುತ್ತದೆ. ಅದೇ ನೈಋತ್ಯ ಮುಂಗಾರು. ಚಳಿಗಾಲದಲ್ಲಿ ಇದು ತಿರುಗುಮುರುಗು. ನೆಲ ತಣ್ಣಗಾಗಿ, ಗಾಳಿ ಈಶಾನ್ಯದಿಂದ ಸಮುದ್ರದ ಕಡೆಗೆ ಬೀಸುತ್ತದೆ.

ಚುವಾನ್‌ಜೌದ ಹಡಗುಗಳು ಚಳಿಗಾಲದ ಈಶಾನ್ಯ ಗಾಳಿ ಹಿಡಿದು ತೆಂಕಣಕ್ಕೆ, ಜಾವಾ ಸುಮಾತ್ರಾ ಕಡೆಗೆ ಇಳಿಯುತ್ತಿದ್ದವು. ಬೇಸಿಗೆಯ ನೈಋತ್ಯ ಗಾಳಿಯಲ್ಲಿ ಮನೆಗೆ ಮರಳುತ್ತಿದ್ದವು. ಕೇರಳದವರೆಗೆ ಬರುವ ಹಡಗಾದರೆ ನಡುವೆ ಮಲಕ್ಕಾ ಕಡೆ ಎಲ್ಲೋ ಗಾಳಿ ತಿರುಗುವವರೆಗೆ ಕಾಯಬೇಕು. ಬಂದ ಮೇಲೆ ವಾಪಸ್ ಹೋಗಲು ಮತ್ತೆ ಕಾಯಬೇಕು. ಬಸ್ ತಪ್ಪಿದರೆ ಅರ್ಧ ಗಂಟೆ ಕಾಯುತ್ತೇವೆ. ಗಾಳಿ ತಪ್ಪಿದರೆ ಅವರು ತಿಂಗಳುಗಟ್ಟಲೆ ಕಾಯುತ್ತಿದ್ದರು.

ಈ ಕಾಯುವಿಕೆಯಿಂದಲೇ ಬಂದರು ಊರುಗಳು ಊರುಗಳಾದವು. ಅಷ್ಟು ತಿಂಗಳು ಪರದೇಶದಲ್ಲಿ ಇರುವವರಿಗೆ ಮನೆ ಬೇಕು, ಅಡುಗೆ ಬೇಕು, ತಮ್ಮ ದೇವರು ಬೇಕು. ಕೆಲವರು ಅಲ್ಲೇ ಮದುವೆಯಾದರು. ಕೆಲವರು ಅಲ್ಲೇ ಮಣ್ಣಾದರು. ಚುವಾನ್‌ಜೌದಲ್ಲಿ 11ನೇ ಶತಮಾನದ ಆರಂಭದ ಮಸೀದಿ ಇದೆ, ಕ್ರೈಸ್ತರ ಸಮಾಧಿ ಕಲ್ಲುಗಳಿವೆ, ಶಿವನ ದೇವಸ್ಥಾನದ ತುಂಡುಗಳಿವೆ. ಇದೆಲ್ಲ ಯಾಕೆ ಒಂದೇ ಊರಲ್ಲಿ ಸೇರಿತು ಎಂದರೆ, ಗಾಳಿಗಾಗಿ ಕಾದವರು ಬಿಟ್ಟುಹೋದದ್ದು ಅದು.

ಊರಿನ ಹೊರಗೆ ಜಿಯುರಿ ಎಂಬ ಗುಡ್ಡವಿದೆ. ಅಲ್ಲಿನ ಬಂಡೆಗಳ ಮೇಲೆ ಸರ್ಕಾರಿ ಅಧಿಕಾರಿಗಳು ಗಾಳಿಗಾಗಿ ಪ್ರಾರ್ಥನೆ ಮಾಡಿದ ದಾಖಲೆ ಕೆತ್ತಿದ್ದಾರೆ. 1174ರಿಂದ 1266ರವರೆಗಿನ ಬರಹಗಳು. ನಮ್ಮಲ್ಲಿ ಮಳೆಗಾಗಿ ಪರ್ಜನ್ಯ ಮಾಡುತ್ತೇವಲ್ಲ, ಅಲ್ಲಿ ಗಾಳಿಗಾಗಿ ಪೂಜೆ. ಅಧಿಕಾರಿಗಳಿಗೇಕೆ ಅಷ್ಟು ಆಸಕ್ತಿ ಎಂದು ಕೇಳಬಹುದು. 1087ರಲ್ಲಿ, ಆಗ ಚೀನಾವನ್ನು ಆಳುತ್ತಿದ್ದ ಸೋಂಗ್ ದೊರೆಗಳು ಇಲ್ಲಿ ಕಡಲ ವ್ಯಾಪಾರದ ಕಚೇರಿ ತೆರೆದಿದ್ದರು. ಇವತ್ತಿನ ಕಸ್ಟಮ್ಸ್ ಆಫೀಸ್ ಅಂದುಕೊಳ್ಳಿ. ಹಡಗು ಬಂದರೆ ಸುಂಕ, ಬರದಿದ್ದರೆ ಬೊಕ್ಕಸ ಖಾಲಿ.

ಹೂಳಿನೊಳಗೆ ಉಳಿದದ್ದು

1974ರಲ್ಲಿ ಊರಿನ ಹತ್ತಿರದ ಹೌಜು ಬಂದರಿನ ಕೆಸರಿನಿಂದ ಒಂದು ಹಡಗನ್ನು ಅಗೆದು ತೆಗೆದರು. ಮೇಲಿನ ಭಾಗ ಹೋಗಿತ್ತು. ತಳದ ಭಾಗ ಗಟ್ಟಿಯಾಗಿ ಉಳಿದಿತ್ತು. ಉಳಿದದ್ದೇ 24 ಮೀಟರ್ ಉದ್ದ, 9 ಮೀಟರ್ ಅಗಲ. ಎರಡು ಕೆಎಸ್‌ಆರ್‌ಟಿಸಿ ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು ಉದ್ದ. ಪೂರ್ತಿ ಇದ್ದಾಗ ಸುಮಾರು 200 ಟನ್ ಹೊರುತ್ತಿತ್ತು ಎಂಬ ಅಂದಾಜಿದೆ. ಹತ್ತು ಟನ್ನಿನ ಇಪ್ಪತ್ತು ಲಾರಿ ಲೋಡು.

ಮರ ಏಳುನೂರು ವರ್ಷ ಕೊಳೆಯದೆ ಉಳಿದದ್ದು ಹೇಗೆ? ಮರವನ್ನು ತಿನ್ನುವ ಶಿಲೀಂಧ್ರ ಮತ್ತು ಹುಳುಗಳಿಗೆ ಗಾಳಿ ಬೇಕು. ದಪ್ಪ ಕೆಸರಿನೊಳಗೆ ಗಾಳಿ ಹೋಗುವುದಿಲ್ಲ. ಹಾಗಾಗಿ ಹೂತುಹೋದ ಭಾಗ ಉಳಿಯಿತು, ಹೂಳಿನ ಮೇಲೆ ಚಾಚಿಕೊಂಡಿದ್ದ ಭಾಗ ಹೋಯಿತು. ಮುಳುಗಿದ ಹಡಗುಗಳು ಎಲ್ಲೇ ಸಿಗಲಿ, ಸಾಮಾನ್ಯವಾಗಿ ತಳ ಮಾತ್ರ ಸಿಗುವುದು ಇದೇ ಕಾರಣಕ್ಕೆ.

ಇದು ಯಾವ ಕಾಲದ ಹಡಗು ಎಂದು ಹೇಗೆ ಗೊತ್ತಾಯಿತು? ಒಳಗೆ 504 ನಾಣ್ಯ ಸಿಕ್ಕಿದವು. ಅವುಗಳಲ್ಲಿ ತೀರಾ ಹಳೆಯವೂ ಇದ್ದವು. ಆದರೆ ನೋಡಬೇಕಾದದ್ದು ಅತಿ ಹೊಸದನ್ನು. ಅಜ್ಜಿಯ ಟ್ರಂಕಿನಲ್ಲಿ ಹಳೆಯ ಕಾಲದ ನಾಣ್ಯಗಳ ಜೊತೆ ಒಂದು ಹೊಸ ಐನೂರರ ನೋಟು ಸಿಕ್ಕಿತು ಅಂದುಕೊಳ್ಳಿ. ಟ್ರಂಕನ್ನು ಕೊನೆಯ ಸಲ ಮುಚ್ಚಿದ್ದು 2016ರ ನವೆಂಬರ್ ಆದಮೇಲೆಯೇ, ಅಲ್ವಾ? ಈ ಹಡಗಿನ ಅತಿ ಹೊಸ ನಾಣ್ಯ 1271ರದು. ಅಂದರೆ ಹಡಗು ಮುಳುಗಿದ್ದು 1271ಕ್ಕಿಂತ ಮುಂಚೆ ಅಲ್ಲ. ಆ ದಶಕದಲ್ಲೇ ಮಂಗೋಲರು ಸೋಂಗ್ ರಾಜ್ಯವನ್ನು ನುಂಗಿದರು. 1276–77ರಲ್ಲಿ ಯುದ್ಧ ಈ ಊರಿಗೂ ಬಂತು. ಆ ಗಲಾಟೆಯ ಹೊತ್ತಿಗೆ ಹಡಗು ಬಂದರಿನಲ್ಲೇ ಅನಾಥವಾಯಿತು ಎಂಬುದು ಬಹಳ ಮಂದಿ ವಿದ್ವಾಂಸರ ಊಹೆ.

ಒಳಗಿದ್ದ ಸರಕಿನಲ್ಲಿ ತೂಕಕ್ಕೆ ಜಾಸ್ತಿ ಇದ್ದದ್ದು ಸುವಾಸನೆಯ ಮರ, ಎರಡು ಟನ್ನಿಗೂ ಮೀರಿ. ಜೊತೆಗೆ ಅರಬ್ ಕಡೆಯ ಧೂಪದ ಅಂಟು, ಕವಡೆ, ಆಮೆಚಿಪ್ಪು, ಪಾದರಸ. ಮತ್ತೆ ಸುಮಾರು ಐದು ಲೀಟರ್ ಕಾಳುಮೆಣಸು. ಕೆಸರಿನಲ್ಲಿ ಏಳು ಶತಮಾನ ಕಳೆದ ಮೆಣಸು! ಅದು ನಮ್ಮ ಕಡೆಯದ್ದೇ ಎಂದು ಹೇಳಲು ಬರುವುದಿಲ್ಲ. ಆಗ ಜಾವಾದಲ್ಲೂ ಮೆಣಸು ಬೆಳೆಯುತ್ತಿದ್ದರು.

ಸರಕಿನ ಮೂಟೆಗಳಿಗೆ ಕಟ್ಟಿದ್ದ ಮರದ ಚೀಟಿಗಳೂ ಸಿಕ್ಕಿವೆ. ಬಸ್ಸಿನ ಮೇಲೆ ಹಾಕುವ ಲಗೇಜಿಗೆ ನಾವು ಹೆಸರು ಬರೆದ ಹಾಗೆ. ಅವುಗಳಲ್ಲಿ ಕೆಲವು ಸೋಂಗ್ ರಾಜಮನೆತನದವರ ಸರಕಿನ ಚೀಟಿಗಳು ಎಂದು ಓದಿದವರಿದ್ದಾರೆ. ಒಂದೇ ಹಡಗಿನಲ್ಲಿ ಹಲವರ ಬಂಡವಾಳ, ಹಲವರ ಮೂಟೆ. ಅಪಾಯ ಹಂಚಿಕೊಳ್ಳುವ ಉಪಾಯ ಅದು.

ಹದಿಮೂರು ಖಾನೆಗಳ ಗುಟ್ಟು

ಹಡಗಿನ ಮುಂದೆ ನಿಂತಾಗ ಎಲ್ಲಕ್ಕಿಂತ ಮೊದಲು ಕಾಣುವುದು ಅಡ್ಡಗೋಡೆಗಳು. ಮುಂದಿನಿಂದ ಹಿಂದಿನವರೆಗೆ ಹನ್ನೆರಡು ಗೋಡೆ, ಅವುಗಳ ನಡುವೆ ಹದಿಮೂರು ಖಾನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಈ ಮ್ಯೂಸಿಯಂನಲ್ಲಿ ನೋಡಲೇಬೇಕಾದ ಒಂದೇ ಒಂದು ಸಂಗತಿ ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಬಾವಿಗೆ ಖಾಲಿ ಕೊಡ ಇಳಿಸಿದರೆ ಅದು ತೇಲುತ್ತದೆ. ಹಗ್ಗ ಕುಲುಕಿ ಬಾಯೊಳಗೆ ನೀರು ನುಗ್ಗಿಸಿದರೆ ಮುಳುಗುತ್ತದೆ. ಹಡಗೂ ಅಷ್ಟೇ. ಅದನ್ನು ತೇಲಿಸುವುದು ಒಳಗಿನ ಖಾಲಿ ಜಾಗ. ಒಂದು ಬಂಡೆ ತಾಗಿ ತಳ ಸೀಳಿದರೆ ನೀರು ಆ ಜಾಗ ತುಂಬುತ್ತದೆ, ಹಡಗು ಹೋಗುತ್ತದೆ. ಇಡೀ ಹಡಗು ಒಂದೇ ಕೊಡವಾಗಿದ್ದರೆ ಒಂದು ತೂತು ಸಾಕು.

ಈಗ ಅಡುಗೆಮನೆಯ ಒಗ್ಗರಣೆ ಡಬ್ಬಿ ನೆನಪಿಸಿಕೊಳ್ಳಿ. ಸಾಸಿವೆಯ ಬಟ್ಟಲಿಗೆ ನೀರು ಬಿದ್ದರೆ ಸಾಸಿವೆ ಮಾತ್ರ ಒದ್ದೆ. ಜೀರಿಗೆ, ಮೆಂತ್ಯ, ಉದ್ದಿನಬೇಳೆ ಒಣಗಿಯೇ ಇರುತ್ತವೆ. ಖಾನೆ ಮಾಡಿದ ಹಡಗಿನಲ್ಲಿ ಒಂದು ಖಾನೆ ಒಡೆದರೆ ನೀರು ಅಲ್ಲಿಗೇ ನಿಲ್ಲುತ್ತದೆ. ಉಳಿದ ಹನ್ನೆರಡು ಹಡಗನ್ನು ತೇಲಿಸುತ್ತವೆ. ನಾವಿಕರು ಆ ಖಾನೆಯ ಸರಕು ತೆಗೆದು ಬೇರೆ ಕಡೆ ಇಟ್ಟು, ಸೀಳು ಮುಚ್ಚಿ, ಮುಂದೆ ಹೋಗಬಹುದು. ಮಾರ್ಕೊ ಪೋಲೊ ಇದನ್ನು ಹೆಚ್ಚುಕಡಿಮೆ ಹೀಗೇ ವಿವರಿಸಿದ್ದಾನೆ. ಕೆಲವು ದೊಡ್ಡ ಹಡಗುಗಳಿಗೆ ಹದಿಮೂರು ಖಾನೆ ಇರುತ್ತವೆ ಎಂದು ಅವನು ಬರೆದಿದ್ದಾನೆ. 1974ರಲ್ಲಿ ಹೂಳಿನಿಂದ ಎದ್ದ ಹಡಗಿನಲ್ಲಿ ಎಣಿಸಿದರೆ ಸರಿಯಾಗಿ ಹದಿಮೂರು.

ಗೋಡೆಗಳಿಗೆ ಇನ್ನೊಂದು ಕೆಲಸವೂ ಇದೆ. ಬಿದಿರು ಒಳಗೆ ಟೊಳ್ಳು. ಆದರೂ ಬಗ್ಗುತ್ತದೆಯೇ ಹೊರತು ಸುಲಭಕ್ಕೆ ಅಪ್ಪಚ್ಚಿ ಆಗುವುದಿಲ್ಲ. ಕಾರಣ ನಡುನಡುವಿನ ಗೆಣ್ಣು. ಹಡಗಿನ ಅಡ್ಡಗೋಡೆ ಆ ಗೆಣ್ಣಿನ ಹಾಗೆ ಎರಡೂ ಬದಿಯ ಹಲಗೆಗಳನ್ನು ಒಳಗಿನಿಂದ ತಳ್ಳಿ ಹಿಡಿಯುತ್ತದೆ. ಅಲೆಯ ಹೊಡೆತಕ್ಕೆ ಹಡಗು ತಿರುಚಿಕೊಳ್ಳುವುದಿಲ್ಲ.

ಗೋಡೆಗಳ ಬುಡವನ್ನು ನೋಡಿದರೆ ಸಣ್ಣ ತೂತುಗಳು ಕಾಣುತ್ತವೆ. ನೀರು ತಡೆಯುವ ಗೋಡೆಗೆ ತೂತು ಯಾಕೆ? ಮರದ ಹಡಗಿನೊಳಗೆ ಯಾವಾಗಲೂ ಸ್ವಲ್ಪ ನೀರು ಜಿನುಗುತ್ತಲೇ ಇರುತ್ತದೆ. ಅದು ಹರಿದು ಒಂದು ಕಡೆ ಸೇರಿದರೆ ಎತ್ತಿ ಚೆಲ್ಲುವುದು ಸುಲಭ. ಅಪಾಯ ಬಂದರೆ ತೂತಿಗೆ ಬೆಣೆ ಬಡಿದು ಮುಚ್ಚಿದರೆ ಆಯಿತು. ನಮ್ಮ ಬಚ್ಚಲಿನ ಕಿಂಡಿಗೆ ಬಟ್ಟೆ ತುರುಕುತ್ತೇವಲ್ಲ, ಹಾಗೆ.

ಹಾಗಾದರೆ ಖಾನೆ ಇದ್ದ ಹಡಗು ಮುಳುಗುವುದೇ ಇಲ್ಲವಾ? ಮುಳುಗುತ್ತದೆ. 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲಿ ಹದಿನಾರು ಖಾನೆಗಳಿದ್ದವು. ಮುಂದಿನ ನಾಲ್ಕು ತುಂಬಿದರೂ ಅದು ತೇಲುತ್ತಿತ್ತು. ಆದರೆ ಹಿಮಗಡ್ಡೆ ತಾಗಿ ನಾಲ್ಕಕ್ಕಿಂತ ಹೆಚ್ಚು ಖಾನೆಗೆ ನೀರು ನುಗ್ಗಿತು. ಗೋಡೆಗಳೂ ಮೇಲಿನವರೆಗೆ ಇರಲಿಲ್ಲ. ಫ್ರಿಜ್ಜಿನ ಐಸ್ ಟ್ರೇಯನ್ನು ಓರೆ ಮಾಡಿ ನಲ್ಲಿಯ ಕೆಳಗೆ ಹಿಡಿದರೆ ಒಂದು ಗುಂಡಿ ತುಂಬಿ ಮುಂದಿನದಕ್ಕೆ ಚೆಲ್ಲುತ್ತದೆ, ಅದು ತುಂಬಿ ಅದರ ಮುಂದಿನದಕ್ಕೆ. ಅಲ್ಲಿ ಆದದ್ದೂ ಅದೇ.

ಚೀನೀ ಹಡಗು ಕಟ್ಟುವವರ ಈ ವಿದ್ಯೆಯನ್ನು ಯುರೋಪಿನವರು ತಮ್ಮ ಹಡಗುಗಳಿಗೆ ತಂದದ್ದು 18ನೇ ಶತಮಾನದ ಕೊನೆಯಿಂದ ಈಚೆಗೆ. ಫುಜಿಯಾನ್‌ನಲ್ಲಿ ಮರದ ಹಡಗಿಗೆ ಹೀಗೆ ಗೋಡೆ ಕೂರಿಸಬಲ್ಲ ಹಿರಿಯ ಬಡಗಿಗಳು ಈಗ ತೀರಾ ಕಡಿಮೆ. 2010ರಲ್ಲಿ ಯುನೆಸ್ಕೊ ಈ ಕೌಶಲವನ್ನು ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿದೆ.

ಹಡಗಿನ ಬೆನ್ನೆಲುಬಿನಂತಿರುವ ತಳದ ಮರವನ್ನೂ ಗಮನಿಸಿ. ಅದರ ತುಂಡುಗಳು ಸೇರುವ ಕಡೆ ಏಳು ಪುಟ್ಟ ಕುಳಿಗಳಲ್ಲಿ ನಾಣ್ಯ ಇಟ್ಟಿದ್ದರು. ಅದು ಆಕಾಶದ ಸಪ್ತರ್ಷಿ ಮಂಡಲ. ಕೆಳಗೆ ಒಂದು ದೊಡ್ಡ ಕುಳಿಯಲ್ಲಿ ಕಂಚಿನ ಕನ್ನಡಿ, ಅದು ಚಂದ್ರ. ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಇದನ್ನೆಲ್ಲ ಇಟ್ಟಿದ್ದಾರೆ. ಮನೆಯ ಪಾಯಕ್ಕೆ ನವಧಾನ್ಯ, ನಾಣ್ಯ ಹಾಕಿ ಕಲ್ಲು ಮುಚ್ಚುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಲಿಗೆಯೋ, ಮೊಳೆಯೋ?

ಈ ಹಡಗಿನ ಹಲಗೆಗಳನ್ನು ಕಬ್ಬಿಣದ ಮೊಳೆಯಿಂದ ಜೋಡಿಸಿದ್ದಾರೆ. ಹಲಗೆ ಒಂದು ಪದರವಲ್ಲ. ತಳದಲ್ಲಿ ಎರಡು, ಬದಿಗಳಲ್ಲಿ ಮೂರು. ಸಂದುಗಳಿಗೆ ಸುಣ್ಣ, ನಾರು ಮತ್ತು ಟಂಗ್ ಎಂಬ ಮರದ ಬೀಜದ ಎಣ್ಣೆ ಕಲಸಿ ತುಂಬಿದ್ದಾರೆ. ಕೊಬ್ಬರಿ ಎಣ್ಣೆ ಎಷ್ಟು ದಿನ ಬಿಟ್ಟರೂ ಎಣ್ಣೆಯೇ. ಟಂಗ್ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಸುಣ್ಣದ ಜೊತೆ ಸೇರಿದರೆ ನೀರು ಬಿಡದ ಗಾರೆಯಾಗುತ್ತದೆ.

ಅರಬ್ಬಿ ಸಮುದ್ರದ ಕಡೆ, ನಮ್ಮ ಕರಾವಳಿಯನ್ನೂ ಸೇರಿಸಿ, ಬೇರೆಯೇ ದಾರಿ. ಹಲಗೆಗಳ ಅಂಚಿನಲ್ಲಿ ಸಾಲಾಗಿ ತೂತು ಕೊರೆದು, ಸಂದಿಯ ಮೇಲೆ ತೆಂಗಿನ ನಾರಿನ ಮೆತ್ತೆ ಇಟ್ಟು, ಹುರಿಹಗ್ಗದಿಂದ ಬಿಗಿಯಾಗಿ ಹೊಲಿಯುವುದು. ಮೇಲೆ ರಾಳ ಮತ್ತು ಮೀನೆಣ್ಣೆ. ನೀರಿಗಿಳಿದ ಮೇಲೆ ಮರ ಉಬ್ಬುತ್ತದೆ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚಿಲಕ ಹಾಕಲು ಬರದಂತೆ ಆಗುತ್ತದಲ್ಲ, ಅದೇ ಉಬ್ಬು ಇಲ್ಲಿ ಸಂದಿಯನ್ನು ಇನ್ನೂ ಬಿಗಿ ಮಾಡುತ್ತದೆ.

ಹೊಲಿಗೆ ಹಳತು, ಮೊಳೆ ಮುಂದುವರಿದದ್ದು ಎಂದು ಅಂದುಕೊಂಡರೆ ತಪ್ಪಾಗುತ್ತದೆ. ಬಿದಿರಿನ ಬುಟ್ಟಿಯನ್ನು ನೆಲಕ್ಕೆ ಹಾಕಿದರೆ ಅದು ಅದುಮಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಮೊಳೆ ಹೊಡೆದ ಪೆಟ್ಟಿಗೆಯನ್ನು ಹಾಕಿದರೆ ಮೂಲೆ ಬಿರಿಯುತ್ತದೆ. ನಮ್ಮ ಕಡಲತೀರದಲ್ಲಿ ಆಳದ ಬಂದರುಗಳು ಕಡಿಮೆ, ಅಲೆ ಜಾಸ್ತಿ. ದೋಣಿಯನ್ನು ನೇರ ಮರಳಿಗೇ ಹತ್ತಿಸಬೇಕು. ಅಂಥ ಕಡೆ ಬಳುಕುವ ಹೊಲಿದ ದೋಣಿಯೇ ಬಾಳಿಕೆ ಬರುತ್ತದೆ. ಒಂದು ಹಲಗೆ ಹಾಳಾದರೆ ಹೊಲಿಗೆ ಬಿಚ್ಚಿ ಬದಲಿಸಬಹುದು. ಆದರೆ ಎತ್ತರದ, ಹಲವು ಹಾಯಿಯ, ನೂರಾರು ಟನ್ ಹೊರುವ ಹಡಗು ಬೇಕಾದರೆ ಮೊಳೆಯ ಬಿಗುವೂ ಗೋಡೆಯ ಆಸರೆಯೂ ಬೇಕು. ಹಾಗಾಗಿ ಕಾರವಾರದ ಕೌಂಡಿನ್ಯ ಮತ್ತು ಚುವಾನ್‌ಜೌದ ಹಡಗನ್ನು ಒಂದೇ ಕಡಲ ವ್ಯಾಪಾರದ ಎರಡು ಕೈಗಳು ಎಂದು ನೋಡಬೇಕು.

ಈ ಎರಡು ಬಗೆಯ ಹಡಗನ್ನೂ ಒಬ್ಬನೇ ಮನುಷ್ಯ ಕಂಡ ದಾಖಲೆಯೂ ಇದೆ. ಇಬ್ನ್ ಬತೂತಾ ನಮ್ಮ ಹೊನ್ನಾವರದಲ್ಲಿ ಇದ್ದವನು. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿವೆ ಎಂದು ಎಣಿಸಿ ಬರೆದಿದ್ದಾನೆ. ಅಲ್ಲಿಂದ ಮಂಗಳೂರು ದಾಟಿ ಕಲ್ಲಿಕೋಟೆಗೆ ಹೋದಾಗ ಬಂದರಿನಲ್ಲಿ 13 ಚೀನೀ ಹಡಗುಗಳು ನಿಂತಿದ್ದವು. ದೊಡ್ಡ ಹಡಗಿಗೆ ಹನ್ನೆರಡರವರೆಗೆ ಹಾಯಿ, ಅವು ಬಿದಿರಿನ ಚಾಪೆಯ ಹಾಯಿಗಳು. ನಾವಿಕರು ಮರದ ತೊಟ್ಟಿಗಳಲ್ಲಿ ಸೊಪ್ಪು, ತರಕಾರಿ, ಶುಂಠಿ ಬೆಳೆದುಕೊಳ್ಳುತ್ತಿದ್ದರು. ಇಂಥ ಹಡಗು ಕಟ್ಟುವುದು ಜೈತೂನ್ ಮತ್ತು ಗುವಾಂಗ್‌ಜೌ ಎರಡೇ ಕಡೆ ಎಂದೂ ಹೇಳುತ್ತಾನೆ.

ಮೆಣಸಿನ ದಾರಿಯಲ್ಲಿ ಐಹೊಳೆ

ಅಲೆಕ್ಸಾಂಡ್ರಿಯಾಕ್ಕೆ ಒಂದು ಹಡಗು ಮೆಣಸು ಹೋದರೆ ಜೈತೂನ್‌ಗೆ ನೂರು ಹಡಗು ಬರುತ್ತದೆ ಎಂದು ಮಾರ್ಕೊ ಪೋಲೊ ಬರೆದಿದ್ದಾನೆ. ಸಂಖ್ಯೆಯನ್ನು ಅಕ್ಷರಶಃ ತೆಗೆದುಕೊಳ್ಳಬೇಕಿಲ್ಲ. ಆದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಮೆಣಸಿನ ಕಥೆ ಯಾವಾಗಲೂ ಯುರೋಪಿನ ಕಡೆಗೇ ಹೋಗುತ್ತದೆ. ಮೂಡಣದ ಗಿರಾಕಿಯ ಮಾತು ಅಲ್ಲಿ ಅಪರೂಪ.

ಈ ದಾರಿಯಲ್ಲಿ ನಡೆದವರು ಒಬ್ಬೊಬ್ಬರಾಗಿ ಹೋಗುತ್ತಿರಲಿಲ್ಲ. ವ್ಯಾಪಾರಿಗಳ ದೊಡ್ಡ ಸಂಘಗಳಿದ್ದವು. ಅವುಗಳಲ್ಲಿ ಬಹಳ ಹೆಸರಾದದ್ದು ಅಯ್ಯಾವೊಳೆ ಐನೂರ್ವರು. ಅಯ್ಯಾವೊಳೆ ಎಂದರೆ ಬಾಗಲಕೋಟೆ ಜಿಲ್ಲೆಯ ಐಹೊಳೆ. ದೇವಸ್ಥಾನ ನೋಡಲು ಹೋಗುತ್ತೇವಲ್ಲ, ಅದೇ. ಕನ್ನಡ ಶಾಸನಗಳು ಇವರನ್ನು ನೆಲದ ದಾರಿ, ನೀರಿನ ದಾರಿ ಎರಡರಲ್ಲೂ ದೇಶದೇಶ ತಿರುಗಿದವರು ಎಂದು ಕೊಂಡಾಡುತ್ತವೆ. ಸುಮಾತ್ರಾದ ಬಾರುಸ್ ಹತ್ತಿರ ಸಿಕ್ಕ 1088ರ ತಮಿಳು ಶಾಸನದಲ್ಲಿ ಈ ಐನೂರ್ವರ ಹೆಸರಿದೆ. ಬಾರುಸ್ ಕರ್ಪೂರಕ್ಕೆ ಪ್ರಸಿದ್ಧ. ಐಹೊಳೆಯಂಥ ಒಳನಾಡಿನ ಊರಿನ ಹೆಸರು ಹೊತ್ತ ಸಂಘ ಕಡಲಾಚೆ ತಮಿಳಿನಲ್ಲಿ ಶಾಸನ ಬರೆಸಿದ್ದು ನೋಡಿದರೆ, ಭಾಷೆಯ ಗಡಿ ಆಗ ವ್ಯಾಪಾರಕ್ಕೆ ಅಡ್ಡ ಬಂದಿರಲಿಲ್ಲ ಎಂದು ತಿಳಿಯುತ್ತದೆ.

ಕೋಟೆ ಗೋಡೆಯಿಂದ ಹೊರಬಂದ ದೇವರು

ಚುವಾನ್‌ಜೌದಲ್ಲೇ ಒಂದು ತಮಿಳು ಶಾಸನ ಸಿಕ್ಕಿದೆ. ಶಕ ವರ್ಷ 1203, ಅಂದರೆ 1281. ಸಂಬಂಧ ಪೆರುಮಾಳ್ ಎಂಬಾತ ಮಂಗೋಲ್ ಖಾನನ ಕ್ಷೇಮಕ್ಕಾಗಿ ಶಿವನನ್ನು ಪ್ರತಿಷ್ಠೆ ಮಾಡಿದ ಎಂಬ ವಿವರ. ಕೊನೆಯಲ್ಲಿ ಒಂದು ಸಾಲು ಚೀನೀ ಅಕ್ಷರ. ಆ ಕಾಲದ ಶಿವಾಲಯ ಈಗ ನಿಂತಿಲ್ಲ. ಅದರ ಕಲ್ಲುಗಳು ಮಾತ್ರ ಇವೆ.

ಕಲ್ಲುಗಳು ಚದುರಿದ್ದಕ್ಕೆ ಒಂದು ನೋವಿನ ಹಿನ್ನೆಲೆ ಇದೆ. 1357ರಿಂದ 1366ರವರೆಗೆ ಊರಲ್ಲಿ ಪರ್ಷಿಯನ್ ಸೈನಿಕರ ದಂಗೆ ನಡೆಯಿತು. ಅದು ಮುಗಿದದ್ದು ವಿದೇಶಿಯರ ಮೇಲಿನ ಹಿಂಸೆಯಲ್ಲಿ. ಗುಡಿ, ಸಮಾಧಿಗಳು ಕೆಡವಲ್ಪಟ್ಟವು. ಒಳ್ಳೆಯ ಕಲ್ಲನ್ನು ಯಾರೂ ಬಿಸಾಡುವುದಿಲ್ಲ. ಊರ ಕೋಟೆ ದುರಸ್ತಿಗೆ, ಸೇತುವೆಗೆ, ಮನೆಯ ಪಾಯಕ್ಕೆ ಅವು ಹೋದವು. ಮುಂದೆ ಬಂದ ಮಿಂಗ್ ದೊರೆಗಳು ಖಾಸಗಿ ಕಡಲ ವ್ಯಾಪಾರವನ್ನೇ ನಿಲ್ಲಿಸಿದರು. ಬಂದರಿನಲ್ಲಿ ಹೂಳು ತುಂಬಿತು. ನಮ್ಮ ಬಸ್ರೂರು, ಬಾರ್ಕೂರುಗಳನ್ನು ಕಂಡವರಿಗೆ ಬಂದರು ಊರೊಂದು ಸದ್ದಿಲ್ಲದೆ ಹಿಂದೆ ಸರಿಯುವುದು ಹೇಗೆ ಎಂದು ಗೊತ್ತು.

20ನೇ ಶತಮಾನದ ಮೊದಲರ್ಧದಲ್ಲಿ ರಸ್ತೆಗಾಗಿ ಹಳೆಯ ಕೋಟೆ ಒಡೆಯತೊಡಗಿದಾಗ ಕೆತ್ತನೆಯ ಕಲ್ಲುಗಳು ಹೊರಬಂದವು. ಕಲ್ಲುಕುಟಿಗರಿಗೆ ಅವು ಬರೀ ಕಲ್ಲು. ಊರಿನ ಒಬ್ಬ ಶಾಲಾ ಮಾಸ್ತರರು, ವೂ ವೆನ್‌ಲಿಯಾಂಗ್, ಅವುಗಳ ಹಿಂದೆ ಬಿದ್ದರು. ಸಿಕ್ಕ ಕಲ್ಲನ್ನು ಕೊಂಡು ಮನೆಗೆ ಸಾಗಿಸಿದರು, ಬರೆದಿಟ್ಟರು, ಕೊನೆಗೆ ಸರ್ಕಾರಕ್ಕೆ ಕೊಟ್ಟರು. 1959ರಲ್ಲಿ ಶುರುವಾದ ಈ ಮ್ಯೂಸಿಯಂನ ಕಲ್ಲಿನ ಸಂಗ್ರಹಕ್ಕೆ ಬುನಾದಿ ಅವರ ಆ ಹಠ. ಅವರು ಇಲ್ಲದಿದ್ದರೆ ಎಷ್ಟು ಕಲ್ಲು ಚರಂಡಿಯ ಚಪ್ಪಡಿಯಾಗುತ್ತಿತ್ತೋ.

ಕಲ್ಲಿನ ವಿಭಾಗದಲ್ಲಿ ನಿಧಾನಕ್ಕೆ ನಡೆಯಿರಿ. ಅರಬ್ಬಿ ಅಕ್ಷರದ ಸಮಾಧಿಗಳು, ತಾವರೆಯ ಮೇಲೆ ನಿಂತ ಶಿಲುಬೆಗಳು, ಅದರ ಪಕ್ಕದಲ್ಲಿ ನಮಗೆ ಗುರುತಿನ ಮುಖಗಳು. ಹಿರಣ್ಯಕಶಿಪುವನ್ನು ಸೀಳುವ ನರಸಿಂಹ, ಮೊಸಳೆಯಿಂದ ಆನೆಯನ್ನು ಬಿಡಿಸಲು ಬರುವ ವಿಷ್ಣು, ಕಾಳಿಂಗನ ಹೆಡೆಯ ಮೇಲಿನ ಕೃಷ್ಣ. ಚುವಾನ್‌ಜೌದಲ್ಲಿ ಸಿಕ್ಕ ಕಲ್ಲುಗಳಲ್ಲಿ ಒಂದು ಕಡೆ ಆನೆ ಲಿಂಗವನ್ನು ಪೂಜಿಸುತ್ತಿದೆ, ಇನ್ನೊಂದು ಕಡೆ ಹಸು ಲಿಂಗದ ಮುಂದೆ ನಿಂತಿದೆ. ಮೇಯಲು ಬಿಟ್ಟ ಹಸು ದಿನವೂ ಒಂದು ಜಾಗದಲ್ಲಿ ಹಾಲು ಸುರಿಸುತ್ತಿತ್ತು, ಅಗೆದರೆ ಲಿಂಗ ಸಿಕ್ಕಿತು ಎಂಬ ಕಥೆ ನಮ್ಮ ಎಷ್ಟು ಊರುಗಳ ಸ್ಥಳಪುರಾಣ! ಕೆತ್ತಿದ ಕೈ ಚೀನೀ ಕುಶಲಕರ್ಮಿಯದು ಎಂದು ಶೈಲಿ ನೋಡಿದರೆ ತಿಳಿಯುತ್ತದೆ. ಮೋಡದ ಸುರುಳಿ, ಹೂವಿನ ಅಂಚು ಎಲ್ಲ ಅಲ್ಲಿಯದು. ಕಥೆ ಹೇಳಿದವರು ನಮ್ಮ ಕಡೆಯವರು.

ಹೋಗುವವರಿಗೆ

2025ರ ಅಕ್ಟೋಬರ್ ಕೊನೆಯಲ್ಲಿ ಕೋಲ್ಕತ್ತಾದಿಂದ ಗುವಾಂಗ್‌ಜೌಗೆ ನೇರ ವಿಮಾನ ಮತ್ತೆ ಶುರುವಾಯಿತು. ಐದು ವರ್ಷ ಭಾರತ ಮತ್ತು ಚೀನಾ ನಡುವೆ ನೇರ ವಿಮಾನ ಇರಲಿಲ್ಲ. ವ್ಯಾಪಾರಕ್ಕೆ ಆ ಕಡೆ ಹೋಗುವವರು ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಂಡರೆ ವೇಗದ ರೈಲಿನಲ್ಲಿ ಚುವಾನ್‌ಜೌ ನೋಡಿ ಬರಬಹುದು. ಅದೇ ಪ್ರಾಂತ್ಯದ ಶಿಯಾಮೆನ್ ಊರಿನಿಂದ ಬಂದರೆ ಇನ್ನೂ ಹತ್ತಿರ. ಊರಿನ 22 ಜಾಗಗಳನ್ನು 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಎಲ್ಲವನ್ನೂ ಒಂದೇ ದಿನ ಓಡಿ ನೋಡಲು ಹೋಗಬೇಡಿ.

ಮ್ಯೂಸಿಯಂ ಎರಡು ಕಡೆ ಇದೆ ಎಂಬುದು ನೆನಪಿರಲಿ. ದೊಡ್ಡ ಕಟ್ಟಡ ಪೂರ್ವ ಸರೋವರದ ಹತ್ತಿರ. ಕಲ್ಲುಗಳು, ಹಡಗಿನ ಮಾದರಿಗಳು ಅಲ್ಲಿವೆ. ಅಗೆದು ತೆಗೆದ ಆ ಹಡಗು ಇರುವುದು ಹಳೆ ಊರಿನೊಳಗಿನ ಕೈಯುವಾನ್ ಬೌದ್ಧ ದೇವಾಲಯದ ಆವರಣದಲ್ಲಿ. ಇದು ಗೊತ್ತಿಲ್ಲದೆ ಒಂದೇ ಕಡೆ ನೋಡಿ ಬಂದರೆ ಮೋಸ ಹೋದಂತೆ. ಮ್ಯೂಸಿಯಂಗೆ ಪ್ರವೇಶ ಉಚಿತ, ಪಾಸ್‌ಪೋರ್ಟ್ ಜೊತೆಗಿರಲಿ. ನನ್ನನ್ನು ಕೇಳಿದರೆ ಬೆಳಿಗ್ಗೆ ದೊಡ್ಡ ಕಟ್ಟಡದ ಕಲ್ಲುಗಳನ್ನು ನೋಡಿ, ಮಧ್ಯಾಹ್ನ ದೇವಾಲಯಕ್ಕೆ ಬಂದು ಹಡಗನ್ನು ನೋಡುವುದು ಒಳ್ಳೆಯದು.

ಹಡಗು ನೋಡಿ ಮುಗಿದ ಮೇಲೆ ದೇವಾಲಯದ ಮುಖ್ಯ ಮಂದಿರದ ಹಿಂಬದಿಗೆ ಒಂದು ಸುತ್ತು ಹೋಗಿ. ಅಲ್ಲಿ ಕಪ್ಪು ಕಲ್ಲಿನ ಎರಡು ಕಂಬಗಳಿವೆ. ಕೆಡವಿದ ಶಿವಾಲಯದಿಂದ ತಂದು ಇಲ್ಲಿ ನಿಲ್ಲಿಸಿದ್ದು ಎನ್ನುತ್ತಾರೆ. ಕಂಬದ ಮುಖಗಳ ಮೇಲೆ ವೃತ್ತಗಳಲ್ಲಿ ಕೃಷ್ಣನ ಕಥೆಗಳು. ಎರಡು ಮರಗಳ ನಡುವೆ ಒರಳು ಎಳೆದುಕೊಂಡು ಹೋಗುವ ಮಗುವನ್ನು ಹುಡುಕಿ, ಸಿಗುತ್ತದೆ. ಪಕ್ಕದಲ್ಲೇ ಊರಿನ ಅಜ್ಜಿಯರು ಊದುಬತ್ತಿ ಹಚ್ಚಿ ಬುದ್ಧನಿಗೆ ಕೈ ಮುಗಿಯುತ್ತಿರುತ್ತಾರೆ.